ಕೇಳಿ, ಹೇಳ್ತೀನಿ: ಥಾಯ್ ಮನೆಗೆ ಊಟಕ್ಕೆ ಹೋಗುವ ಮುನ್ನ

ಪ್ರಶ್ನೆ: ಮೇಡಂ, ನಮ್ಮ ಮಗ ಬ್ಯಾಂಕಾಕ್‌ನಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ತಿಂಗಳು ನಾವೂ ಹೋಗುತ್ತಿದ್ದೇವೆ. ಅವನ ಜೊತೆ ಕೆಲಸ ಮಾಡುವ ಹುಡುಗ ಖೋನ್ ಕೆನ್ ಹತ್ತಿರದ ತನ್ನ ಹಳ್ಳಿಗೆ ಊಟಕ್ಕೆ ಕರೆದಿದ್ದಾನೆ. ನಾವು ಮೊಟ್ಟೆಯನ್ನೂ ಮುಟ್ಟದವರು. ಬಡಿಸಿದ್ದನ್ನು ಬೇಡ ಅಂದರೆ ಬೇಜಾರಾಗುತ್ತಾರಾ? ಚಪಾತಿ ಕಟ್ಟಿಕೊಂಡು ಹೋಗುವುದು ವಾಸಿನಾ?
– ಓದುಗರು, ದಾವಣಗೆರೆ

ಉತ್ತರ: ಚಪಾತಿ ಮಾತ್ರ ಕಟ್ಟಿಕೊಳ್ಳಬೇಡಿ. ಕರೆದವರ ಮನೆಯಲ್ಲಿ ಕೂತು ನಿಮ್ಮ ಡಬ್ಬಿ ಬಿಚ್ಚಿದರೆ ಯಾರಿಗಾದರೂ ನೋವಾಗುತ್ತದೆ ಅಲ್ವಾ? ನಾಲ್ಕು ದಿನ ಮುಂಚೆ ಮಗನ ಕೈಲಿ ಹೇಳಿಸಿಬಿಡಿ.

ಸುಮ್ನೆ ‘ಮಾಂಸ ತಿನ್ನಲ್ಲ’ ಅಂದರೆ ಸಾಲದು. ನಾಮ್ ಪ್ಲಾ ಅನ್ನುವ ಮೀನಿನ ಸಾಸ್ ಅಲ್ಲಿ ಹೆಚ್ಚುಕಡಿಮೆ ಎಲ್ಲ ಅಡುಗೆಗೂ ಬೀಳುತ್ತದೆ. ‘ಜೇ’ ಊಟ ಬೇಕು ಅಂತಲೇ ಹೇಳಿಸಿ. ಅದು ಚೀನೀ ಮೂಲದವರ ವ್ರತದ ಅಡುಗೆ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಿಮಗೆ ಅವೆರಡೂ ನಡೆಯುತ್ತವೆ ಅಂದರೆ ಬೇರೆಯಾಗಿ ತಿಳಿಸಿ.

ನಾನು ಈಸಾನ್ ಕಡೆ, ಅಂದರೆ ಖೋನ್ ಕೆನ್ ಇರುವ ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ, ಸಂಸಾರ ಮಾಡಿದವಳು. ಪಕ್ಕದ ಮನೆಯಲ್ಲೊಬ್ಬರು ದೊಡ್ಡಮ್ಮ ಇದ್ದರು. ಅವರು ಸೊಮ್ ತಾಮ್ ಮಾಡುವುದನ್ನು ನೋಡಬೇಕಿತ್ತು ನೀವು. ಪರಂಗಿಕಾಯಿಯ ಕೋಸಂಬರಿ ಅನ್ನಿ, ಆದರೆ ಕುಟ್ಟಿ ಮಾಡುವುದು. ಅವರ ಮಣ್ಣಿನ ಒರಳಿಗೆ ಪ್ಲಾ ರಾ, ಅಂದರೆ ಹುದುಗು ಬರಿಸಿದ ಮೀನಿನ ವಾಸನೆ ಹಿಡಿದಿತ್ತು. ನನಗೆ ಮಾಡುವ ಮೊದಲು ಅದನ್ನು ಬಿಸಿನೀರಲ್ಲಿ ತೊಳೆದರು, ಮೂಸಿದರು, ಮತ್ತೆ ತೊಳೆದರು. ಬೆಳ್ಳುಳ್ಳಿ, ಮೆಣಸಿನಕಾಯಿ ಜಜ್ಜಿದರು. ತಾಳೆಬೆಲ್ಲ, ಎಳೆ ಅಲಸಂದೆ ಕಾಯಿ, ಟೊಮೆಟೊ, ನಿಂಬೆರಸ, ಕೊನೆಗೆ ಎಳೆಎಳೆಯಾಗಿ ಕೊಚ್ಚಿದ ಪರಂಗಿ. ಮೀನಿನ ಸಾಸ್ ಜಾಗಕ್ಕೆ ಸೋಯಾ ಸಾಸ್. ಒಂದು ಕೈಯಲ್ಲಿ ಚಿಕ್ಕ ಒನಕೆ, ಇನ್ನೊಂದರಲ್ಲಿ ಚಮಚ. ಕುಟ್ಟುತ್ತಲೇ ಮಗುಚುತ್ತಿದ್ದರು. ಒಂದು ಚೂರು ನನ್ನ ಬಾಯಿಗೆ ಹಿಡಿದು, ಹುಳಿ ಸಾಕಾ ಅಂತ ಹುಬ್ಬಲ್ಲೇ ಕೇಳಿದರು. ನಮ್ಮ ಪದ್ಧತಿ ಏನೂ ಗೊತ್ತಿಲ್ಲದವರು ಇಷ್ಟು ಜತನ ಮಾಡಿದ್ದನ್ನು ನಾನು ಮರೆಯಲಾರೆ. ಖಾರ ಮಾತ್ರ ಜಾಸ್ತಿ. ಕಡಿಮೆ ಹಾಕಿ ಅಂತ ಮೊದಲೇ ಹೇಳಿ.

ಆ ಕಡೆ ಅಂಟು ಅಕ್ಕಿಯ ಅನ್ನವನ್ನು ಮುಚ್ಚಳವಿರುವ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಇಡುತ್ತಾರೆ. ಬಲಗೈಯಲ್ಲಿ ಚೂರು ಮುರಿದು, ಉಂಡೆ ಮಾಡಿ, ಅದ್ದಿಕೊಂಡು ತಿನ್ನುವುದು. ತೆಗೆದುಕೊಂಡ ಮೇಲೆ ಮುಚ್ಚಳ ಮುಚ್ಚಿ, ಇಲ್ಲದಿದ್ದರೆ ಅನ್ನ ಒಣಗುತ್ತದೆ. ಪಲ್ಯ, ಗೊಜ್ಜು ಎಲ್ಲ ಚಾಪೆಯ ಮಧ್ಯದಲ್ಲಿ ಎಲ್ಲರಿಗೂ ಸೇರಿ ಇರುತ್ತವೆ. ಒಂದೊಂದೇ ಚಮಚ ಹಾಕಿಕೊಳ್ಳಿ. ಚಪ್ಪಲಿ ಹೊರಗೆ ಬಿಡುವುದು, ಯಾರ ಕಡೆಗೂ ಕಾಲು ಚಾಚದಿರುವುದು ನಿಮಗೆ ಹೇಳಬೇಕಿಲ್ಲ.

ಮೈಸೂರು ಪಾಕ್ ಡಬ್ಬಿ ಒಯ್ಯಿರಿ. ನಿಮ್ಮೆದುರು ಬಿಚ್ಚದೆ ಒಳಗಿಟ್ಟರೆ ಬೇಸರ ಬೇಡ, ಅಲ್ಲಿ ಅದೇ ರೂಢಿ.

ಪ್ರಶ್ನೆ: ಥಾಯ್ಲೆಂಡಿನಲ್ಲಿ ಕಡ್ಡಿಯಲ್ಲೇ ಊಟ ಮಾಡಬೇಕಾ?
– ಓದುಗರು, ಶಿರಸಿ

ಉತ್ತರ: ಬೇಡ. ಅಂಟು ಅನ್ನ ಬಿಟ್ಟರೆ, ಮಾಮೂಲಿ ಅನ್ನಕ್ಕೆ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕಿನಿಂದ ಚಮಚಕ್ಕೆ ತಳ್ಳಿಕೊಂಡು ತಿನ್ನುತ್ತಾರೆ. ಕಡ್ಡಿ ಇರುವುದು ನೂಡಲ್ ಅಂಗಡಿಯಲ್ಲಿ. ಅಲ್ಲಿನ ಸಾರು ಸಾಮಾನ್ಯವಾಗಿ ಮೂಳೆ ಬೇಯಿಸಿದ್ದು. ನೀವು ಸಸ್ಯಾಹಾರಿಯಾದರೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಜೇ ಅಂಗಡಿ ಹುಡುಕಿ ಹೋಗಿ.