ಫ್ರಾನ್ಸಿನ ವೋ-ಲ-ವಿಕೋಂತ್ ಅರಮನೆಯ ಇತಿಹಾಸವೇನು, ಅದರ ವಾಸ್ತುಶಿಲ್ಪದ ಹಿರಿಮೆಯೇನು?
ಪ್ಯಾರಿಸ್‌ನಿಂದ ಆಗ್ನೇಯಕ್ಕೆ ಸುಮಾರು 55 ಕಿ.ಮೀ. ದೂರದಲ್ಲಿ, ಹೊಲಗಳ ನಡುವೆ ಈ ಬರೋಕ್ (ಅದ್ದೂರಿ ಅಲಂಕಾರದ ಯುರೋಪಿನ ಶೈಲಿ) ಅರಮನೆ ಇದೆ. ಕಟ್ಟಿಸಿದವನು ರಾಜ ಹದಿನಾಲ್ಕನೆಯ ಲೂಯಿಯ ಹಣಕಾಸು ಮುಖ್ಯಸ್ಥ ನಿಕೋಲಾ ಫೂಕೆ.

ವಾಸ್ತುಶಿಲ್ಪಿ ಲೂಯಿ ಲ ವೋ, ಚಿತ್ರಕಾರ ಶಾರ್ಲ್ ಲ ಬ್ರೂನ್, ಉದ್ಯಾನ ರೂಪಿಸಿದ ಆಂದ್ರೆ ಲ ನೋತ್ರ್ ಒಂದೇ ಮನಸ್ಸಿನಿಂದ ದುಡಿದದ್ದೇ ಇದರ ಹಿರಿಮೆ. ಗುಮ್ಮಟದಡಿಯ ಅಂಡಾಕಾರದ ಸಭಾಂಗಣ ತೋಟದತ್ತ ಉಬ್ಬಿ ನಿಂತಿದೆ. ನನಗೆ ಅತ್ಯಂತ ಪ್ರಿಯವಾದದ್ದು ತೋಟದ ದೊಡ್ಡ ಕಾಲುವೆ: ತಗ್ಗಿನಲ್ಲಿರುವುದರಿಂದ ಅರಮನೆಯಿಂದ ಕಾಣುವುದೇ ಇಲ್ಲ, ನಡೆದು ಹತ್ತಿರ ಹೋದಾಗ ಥಟ್ಟನೆ ಎದುರಾಗುತ್ತದೆ!

1661ರ ಆಗಸ್ಟ್ 17ರಂದು ಫೂಕೆ ಇಲ್ಲಿ ರಾಜನಿಗೆ ವೈಭವದ ಔತಣ ನೀಡಿದ. ಮೂರೇ ವಾರಗಳಲ್ಲಿ ಅವನ ಬಂಧನವಾಯಿತು; 1680ರಲ್ಲಿ ಸೆರೆಯಲ್ಲೇ ತೀರಿಕೊಂಡ. ಆ ಮೂವರು ಕಲಾವಿದರು ಬಳಿಕ ವರ್ಸೇಲ್ಸ್ ಅರಮನೆಯಲ್ಲಿ ರಾಜನಿಗಾಗಿ ದುಡಿದರು. ಇಲ್ಲಿನ ಗುಮ್ಮಟಕ್ಕೆ ಲ ಬ್ರೂನ್ ಬರೆಯಬೇಕಿದ್ದ ಚಿತ್ರ ಪೂರ್ಣವಾಗಲೇ ಇಲ್ಲ.