ಆಸ್ಕರ್ ಗೆದ್ದ ಚಿತ್ರ ಹಿಡಿಸದಿದ್ದರೆ ತಪ್ಪು ನನ್ನದೇ?

ಪ್ರಶ್ನೆ: 2025ರ ಆಸ್ಕರ್‌ಗೆ ಅತ್ಯುತ್ತಮ ಚಿತ್ರ ವಿಭಾಗದಲ್ಲಿ ನಾಮನಿರ್ದೇಶನಗೊಂಡ ಹತ್ತೂ ಚಿತ್ರಗಳನ್ನು ಹಟ ಹಿಡಿದು ನೋಡಿದೆ. ‘ದಿ ಬ್ರೂಟಲಿಸ್ಟ್’ ಉಳಿದೆಲ್ಲಕ್ಕಿಂತ ಎತ್ತರದಲ್ಲಿ ಕಂಡಿತು. ಗೆದ್ದದ್ದು ಮಾತ್ರ ‘ಅನೋರಾ’. ಅದರಲ್ಲಿ ಕಿರುಚಾಟ, ಬೈಗುಳಗಳೇ ಹೆಚ್ಚೆನಿಸಿದವು. ನನ್ನ ಕಣ್ಣಿಗೆ ಬೀಳದ್ದೇನಾದರೂ ಅದರಲ್ಲಿ ಇದೆಯೇ?

ಉತ್ತರ: ಇದೆ. ಅದಕ್ಕೂ ಮೊದಲು ಮತ ಎಣಿಸುವ ಬಗೆಯನ್ನು ಹೇಳಿಬಿಡುತ್ತೇನೆ. ನಿಮ್ಮ ಅರ್ಧ ಬೇಸರದ ಬೇರು ಅಲ್ಲಿದೆ.

ಆಸ್ಕರ್‌ನ ಉಳಿದ ವಿಭಾಗಗಳಲ್ಲಿ ಹೆಚ್ಚು ಮತ ಬಿದ್ದವರು ಗೆಲ್ಲುತ್ತಾರೆ. ಅತ್ಯುತ್ತಮ ಚಿತ್ರಕ್ಕೆ ಹಾಗಲ್ಲ. ಆಸ್ಕರ್ ಕೊಡುವ ಅಕಾಡೆಮಿಯ ಸದಸ್ಯರು ಹತ್ತು ಚಿತ್ರಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆಯುತ್ತಾರೆ. ಯಾವುದಕ್ಕೂ ಮೊದಲ ಸುತ್ತಿನಲ್ಲೇ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕಟ್ಟಕಡೆಯ ಚಿತ್ರವನ್ನು ತೆಗೆದುಹಾಕಿ, ಅದಕ್ಕೆ ಬಿದ್ದ ಮತಗಳನ್ನು ಆಯಾ ಸದಸ್ಯರ ಎರಡನೆಯ ಆಯ್ಕೆಗೆ ಹಂಚುತ್ತಾರೆ. ಒಂದು ಚಿತ್ರ ಅರ್ಧದ ಗೆರೆ ದಾಟುವವರೆಗೂ ಹೀಗೇ ಸಾಗುತ್ತದೆ. 2010ರ ಸಮಾರಂಭದಿಂದ ಇದೇ ಪದ್ಧತಿ. ಇದರಲ್ಲಿ ಕೆಲವರು ತಲೆಯ ಮೇಲೆ ಹೊತ್ತು ಮೆರೆಸಿ, ಉಳಿದವರು ಒಂಬತ್ತನೆಯ ಸಾಲಿಗೆ ತಳ್ಳುವ ಚಿತ್ರ ಸೋಲುತ್ತದೆ. ಸಾಕಷ್ಟು ಜನರ ಮೊದಲ ಆಯ್ಕೆಯಾಗಿ, ಉಳಿದವರ ಪಟ್ಟಿಯಲ್ಲೂ ಎರಡನೆಯದೋ ಮೂರನೆಯದೋ ಆಗಿ ಕೂತ ಚಿತ್ರಕ್ಕೆ ದಾರಿ ಸುಗಮ. 2022ರಲ್ಲಿ ‘ದಿ ಪವರ್ ಆಫ್ ದ ಡಾಗ್’ 12 ನಾಮನಿರ್ದೇಶನ ಪಡೆದು ನಿರ್ದೇಶನದ ಪ್ರಶಸ್ತಿಯೊಂದನ್ನೇ ಹಿಡಿದು ಮನೆಗೆ ಹೋಯಿತು. ಮೂರೇ ನಾಮನಿರ್ದೇಶನವಿದ್ದ ‘ಕೋಡಾ’ ಮೂರನ್ನೂ ಗೆದ್ದಿತು, ಅತ್ಯುತ್ತಮ ಚಿತ್ರವೂ ಸೇರಿ. ಅಕಾಡೆಮಿ ಮತಗಳ ಲೆಕ್ಕವನ್ನು ಹೊರಗೆ ಬಿಡುವುದಿಲ್ಲ. ಆದರೂ ನನ್ನ ಊಹೆ ಇಷ್ಟು: ಮಧ್ಯಂತರವೂ ಸೇರಿ ಮೂರು ಗಂಟೆ 35 ನಿಮಿಷದ ‘ಬ್ರೂಟಲಿಸ್ಟ್’ ಅನೇಕರಿಗೆ ಒಂದೋ ಮೊದಲನೆಯದು, ಇಲ್ಲವೇ ಎಂಟನೆಯದು.

ಇನ್ನು ‘ಅನೋರಾ’. ನ್ಯೂಯಾರ್ಕ್‌ನ ಕ್ಲಬ್ ಒಂದರಲ್ಲಿ ಕುಣಿಯುವ ಆನಿ ರಷ್ಯಾದ ಭಾರಿ ಕುಳವೊಬ್ಬನ ಮಗನನ್ನು ಲಾಸ್ ವೇಗಸ್‌ನಲ್ಲಿ ಮದುವೆಯಾಗುತ್ತಾಳೆ. ಮದುವೆ ಮುರಿಸಲು ಹುಡುಗನ ಮನೆಯವರು ಆಳುಗಳನ್ನು ಕಳಿಸುತ್ತಾರೆ. ಹುಡುಗನ ಬಂಗಲೆಯೊಳಗಿನ ದೀರ್ಘ ಗಲಾಟೆಯೇ ನಿಮ್ಮ ತಲೆ ಚಿಟ್ಟು ಹಿಡಿಸಿರಬೇಕು. ಇನ್ನೊಮ್ಮೆ ನೋಡುವಾಗ ಒಂದು ಕೆಲಸ ಮಾಡಿ. ಆನಿ ಅರಚುತ್ತಿರುವಾಗ ಅವಳನ್ನು ಬಿಟ್ಟು, ಅವಳನ್ನು ಹಿಡಿದುಕೊಳ್ಳಲು ಬಂದ ಇಗೋರ್‌ನ ಮುಖವನ್ನೇ ನೋಡಿ. ಗಂಡನಾದವನು ಓಡಿಹೋಗಿದ್ದಾನೆ, ಸಂಬಳಕ್ಕೆ ಬಂದವನು ನಾಚಿಕೊಂಡು ನಿಂತಿದ್ದಾನೆ. ಚಿತ್ರದ ಕೊನೆಯ ದೃಶ್ಯದ ಬೀಜ ಬಿದ್ದದ್ದು ಅಲ್ಲೇ. ಹೊರಗೆ ಹಿಮ, ಕಾರಿನೊಳಗೆ ಇಬ್ಬರು, ಗಾಜೊರೆಸುವ ವೈಪರ್‌ನ ಸದ್ದು. ಹೆಸರುಗಳು ಮೂಡಿದಾಗಲೂ ಸಂಗೀತವಿಲ್ಲ, ಅದೇ ಸದ್ದು. ಅಷ್ಟು ಹೊತ್ತು ಕೂಗಾಡಿದ್ದು ಈ ಮೌನಕ್ಕೆ ತೂಕ ಬರಲಿ ಎಂದೇ. ನಿರ್ದೇಶಕ ಶಾನ್ ಬೇಕರ್ ತಮ್ಮ ಚಿತ್ರವನ್ನು ತಾವೇ ಸಂಕಲನ ಮಾಡುವವರು. ಆ ರಾತ್ರಿ ನಿರ್ಮಾಣ, ನಿರ್ದೇಶನ, ಚಿತ್ರಕಥೆ, ಸಂಕಲನ ಎಂದು ನಾಲ್ಕು ಆಸ್ಕರ್ ಅವರೊಬ್ಬರ ಕೈ ಸೇರಿದವು. ನಾಲ್ಕರಲ್ಲಿ ಸಂಕಲನದ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಚಿತ್ರಕಥೆಯ ಬಗ್ಗೆ ಇದೆ: ಆನಿ ಒಬ್ಬಳೇ ಇದ್ದಾಗ ಏನು ಯೋಚಿಸುತ್ತಾಳೆ ಎಂಬುದು ನಮಗೆ ಸಿಗುವುದೇ ಇಲ್ಲ. ಆ ಕೊರತೆಯನ್ನು ತುಂಬಿಕೊಟ್ಟವರು ನಟಿ ಮೈಕಿ ಮ್ಯಾಡಿಸನ್.

ನಿಮ್ಮ ‘ಬ್ರೂಟಲಿಸ್ಟ್’ ನನಗೂ ಪ್ರಿಯವೇ, ಆದರೆ ಮಧ್ಯಂತರದವರೆಗೆ. ಅಮೆರಿಕಕ್ಕೆ ವಲಸೆ ಬಂದ ವಾಸ್ತುಶಿಲ್ಪಿಯೊಬ್ಬನ ಕಥೆ ಅದು. ಹಡಗಿನ ಕತ್ತಲಿನಿಂದ ಹೊರಬಂದವನ ಕಣ್ಣಿಗೆ ಸ್ವಾತಂತ್ರ್ಯ ದೇವಿಯ ಪ್ರತಿಮೆ ತಲೆಕೆಳಗಾಗಿ ಕಾಣುವ ಆ ಆರಂಭ, ವಿಸ್ಟಾವಿಷನ್‌ನ ಆ ವೈಶಾಲ್ಯ! ಫಿಲ್ಮ್ ಸುರುಳಿಯನ್ನು ಕ್ಯಾಮೆರಾದಲ್ಲಿ ಅಡ್ಡಡ್ಡಲಾಗಿ ಓಡಿಸಿ ದೊಡ್ಡ ಚೌಕಟ್ಟು ಪಡೆಯುವ, 1950ರ ದಶಕದ ತಂತ್ರ ಅದು. ಕಟ್ಟಡಗಳ ಕಥೆಗೆ ಹೇಳಿಮಾಡಿಸಿದಂತಿದೆ. ಛಾಯಾಗ್ರಹಣದ ಆಸ್ಕರ್ ಅದಕ್ಕೆ ಸಂದದ್ದು ನ್ಯಾಯವೇ. ಎರಡನೆಯ ಭಾಗದಲ್ಲಿ ಮಾತ್ರ, ಧಣಿಯು ಕಲಾವಿದನನ್ನು ಹೀರಿ ಬಿಸಾಡುತ್ತಾನೆ ಎಂಬುದು ನಮಗೆ ಅದಾಗಲೇ ಅರ್ಥವಾಗಿದ್ದರೂ, ಚಿತ್ರ ಅದನ್ನೇ ಸುತ್ತಿಗೆಯಲ್ಲಿ ಬಡಿದು ಹೇಳುತ್ತದೆ. ಕೊನೆಯ ವೆನಿಸ್ ಭಾಷಣವಂತೂ ಪ್ರೇಕ್ಷಕನ ಮೇಲೆ ನಂಬಿಕೆಯಿಲ್ಲದವರು ಬರೆದಂತಿದೆ.

ಪ್ರಶ್ನೆ: ಮತ ಹಾಕುವವರು ಎಲ್ಲ ಚಿತ್ರಗಳನ್ನೂ ನಿಜವಾಗಿ ನೋಡಿರುತ್ತಾರೆಯೇ?

ಉತ್ತರ: ಬಹುಕಾಲ ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟ ವಿಷಯವಾಗಿತ್ತು. 2025ರ ಏಪ್ರಿಲ್‌ನಲ್ಲಿ ಅಕಾಡೆಮಿ ಹೊಸ ನಿಯಮ ಪ್ರಕಟಿಸಿತು: ಯಾವ ವಿಭಾಗದಲ್ಲಿ ಅಂತಿಮ ಮತ ಹಾಕಬೇಕೋ ಅದರಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕು. ನಿಯಮ ಮಾಡಬೇಕಾಗಿ ಬಂತು ಎಂಬುದರಲ್ಲೇ ನಿಮಗೆ ಉತ್ತರವಿದೆ.

ಪ್ರಶ್ನೆ: ‘ಎಮಿಲಿಯಾ ಪೆರೆಜ್’ 13 ನಾಮನಿರ್ದೇಶನ ಪಡೆದೂ ಎರಡೇ ಗೆದ್ದದ್ದು ನಟಿಯ ಹಳೆಯ ಪೋಸ್ಟ್‌ಗಳಿಂದಲೇ?

ಉತ್ತರ: ನಾಯಕಿ ಕಾರ್ಲಾ ಸೋಫಿಯಾ ಗ್ಯಾಸ್ಕೋನ್ ಮುಸ್ಲಿಮರು ಮೊದಲಾದವರನ್ನು ಹೀಗಳೆದು ಜಾಲತಾಣದಲ್ಲಿ ಹಾಕಿದ್ದ ಹಳೆಯ ಬರಹಗಳು ಬಯಲಾದದ್ದು ಚಿತ್ರಕ್ಕೆ ಪೆಟ್ಟು ಕೊಟ್ಟಿದ್ದು ನಿಜ. ಆದರೆ ಬಿರುಕು ಅದಕ್ಕೂ ಮೊದಲೇ ಬಿಟ್ಟಿತ್ತು. ಮೆಕ್ಸಿಕೊದಲ್ಲಿ ಕಾಣೆಯಾದವರ ನೋವನ್ನು ಫ್ರೆಂಚ್ ನಿರ್ದೇಶಕರು ಬಹುಪಾಲು ಫ್ರಾನ್ಸ್‌ನ ಸ್ಟುಡಿಯೊದಲ್ಲೇ ಕಟ್ಟಿ, ಹಾಡು ಹಾಡಿಸಿದ್ದಕ್ಕೆ ಮೆಕ್ಸಿಕೊದವರೇ ಸಿಟ್ಟಾಗಿದ್ದರು. ಇಂಗ್ಲಿಷೇತರ ಚಿತ್ರವೊಂದಕ್ಕೆ ಅಷ್ಟು ನಾಮನಿರ್ದೇಶನ ಬಂದದ್ದು ಅದೇ ಮೊದಲು. ಹಾಗಿದ್ದೂ ಅಂತರರಾಷ್ಟ್ರೀಯ ಚಿತ್ರದ ಪ್ರಶಸ್ತಿ ಬ್ರೆಜಿಲ್‌ನ ‘ಐ ಆಮ್ ಸ್ಟಿಲ್ ಹಿಯರ್’ ಪಾಲಾಯಿತು. ಕಾಣೆಯಾದವರ ಕಥೆಯೇ ಅದೂ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಮತ್ತೆ ಯಾರೂ ವಿವರಿಸಬೇಕಿಲ್ಲ.

ಪ್ರಶ್ನೆ: ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಗೆದ್ದ ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಚಿತ್ರವನ್ನು ಭಾರತ ಏಕೆ ಕಳಿಸಲಿಲ್ಲ?

ಉತ್ತರ: ಅಂತರರಾಷ್ಟ್ರೀಯ ವಿಭಾಗಕ್ಕೆ ಒಂದು ದೇಶ ಒಂದೇ ಚಿತ್ರ ಕಳಿಸಬಹುದು. ನಮ್ಮ ಫಿಲ್ಮ್ ಫೆಡರೇಷನ್‌ನ ಸಮಿತಿ ‘ಲಾಪತಾ ಲೇಡೀಸ್’ ಆರಿಸಿತು. ಅದು 15ರ ಕಿರುಪಟ್ಟಿಗೂ ಏರಲಿಲ್ಲ. ಪಾಯಲ್ ಚಿತ್ರದಲ್ಲಿ ಫ್ರಾನ್ಸ್‌ನ ಹಣವೂ ಇದ್ದುದರಿಂದ ಫ್ರಾನ್ಸ್ ಕೂಡ ಅದನ್ನು ಕಳಿಸಬಹುದಿತ್ತು, ಆ ದೇಶವೋ ‘ಎಮಿಲಿಯಾ’ ಬೆನ್ನು ಹತ್ತಿತು. ಎರಡೂ ತೊಟ್ಟಿಲಿನಿಂದ ಕೆಳಗಿಳಿಸಿದ ಕೂಸು ಅದು. ‘ಲಾಪತಾ ಲೇಡೀಸ್’ ನಗಿಸಿ ಮನಸ್ಸು ಗೆಲ್ಲುವ ಚಿತ್ರವೇ, ಸಂಶಯವಿಲ್ಲ. ಆದರೆ ಕಾನ್‌ನಿಂದ ಹೊರಟ ಚಿತ್ರದ ಹೆಸರು ಮತದಾರರ ಕಿವಿಗೆ ಆಗಲೇ ಬಿದ್ದಿರುತ್ತದೆ. ಅದನ್ನು ಕೈಬಿಟ್ಟದ್ದು ನನ್ನ ಲೆಕ್ಕದಲ್ಲಿ ಶುದ್ಧ ಅವಿವೇಕ.

ಪ್ರಶ್ನೆ: ಎಂಟು ವರ್ಷದ ಮಗಳ ಜೊತೆ ಬೆಕ್ಕಿನ ಕಥೆಯ ‘ಫ್ಲೋ’ ಎಂಬ ಅನಿಮೇಷನ್ ಚಿತ್ರ ನೋಡಿದೆ. ಮಾತೇ ಇಲ್ಲದ ಚಿತ್ರವನ್ನು ಅವಳು ಕದಲದೆ ನೋಡಿದಳು. “ಮನುಷ್ಯರೆಲ್ಲ ಎಲ್ಲಿ ಹೋದರು? ತಿಮಿಂಗಿಲ ಸತ್ತೇ ಹೋಯಿತಾ?” ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?

ಉತ್ತರ: ಮನುಷ್ಯರ ವಿಷಯ ನಿರ್ದೇಶಕ ಗಿಂಟ್ಸ್ ಜಿಲ್ಬಲೊಡಿಸ್ ಹೇಳಿಲ್ಲ, ನಾವೂ ಹೇಳುವುದು ಬೇಡ. ಬೆಕ್ಕಿಗೆ ಎಷ್ಟು ಗೊತ್ತೋ ಅಷ್ಟೇ ನಮಗೂ ಗೊತ್ತಿರಬೇಕು ಎಂಬ ಪಟ್ಟಿನ ಮೇಲೆಯೇ ಚಿತ್ರ ನಿಂತಿದೆ. ಲಾಟ್ವಿಯಾಕ್ಕೆ ಮೊದಲ ಆಸ್ಕರ್ ತಂದ ಈ ಚಿತ್ರ ತಯಾರಾದದ್ದು ಬ್ಲೆಂಡರ್ ಎಂಬ, ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ತಂತ್ರಾಂಶದಲ್ಲಿ. ಅದು ಸೋಲಿಸಿದ್ದು ‘ಇನ್‌ಸೈಡ್ ಔಟ್ 2’ ತರಹದ ಆನೆಗಳನ್ನು. ಪ್ರಾಣಿಗಳ ದನಿಗಳೂ ನಿಜವಾದ ಪ್ರಾಣಿಗಳವೇ. ಇಲಿಯ ಜಾತಿಯ ದೊಡ್ಡ ಪ್ರಾಣಿ ಕ್ಯಾಪಿಬಾರಾದ ದನಿ ಮಾತ್ರ ಆ ಸಾಧು ಮುಖಕ್ಕೆ ಒಪ್ಪದೆ, ಒಂಟೆಯ ಮರಿಯ ದನಿ ಕೂಡಿಸಿದರು. ಇದನ್ನು ಮಗಳಿಗೆ ಹೇಳಿ, ಖುಷಿಪಡುತ್ತಾಳೆ.

ತಿಮಿಂಗಿಲದ ಪ್ರಶ್ನೆಗೆ ನಾನು ನಿಮ್ಮನ್ನೇ ಕೇಳಬೇಕು: ಹೆಸರುಗಳು ಓಡತೊಡಗಿದ ಕೂಡಲೇ ಟಿವಿ ಆರಿಸಿದಿರಾ? ಇನ್ನೊಮ್ಮೆ ಹಾಕಿ, ಕೊನೆಯ ಹೆಸರು ಮುಗಿಯುವ ತನಕ ಅವಳನ್ನು ಕೂರಿಸಿಕೊಳ್ಳಿ.