ಮಿಕ್ಕ ಅನ್ನವನ್ನು ದನಕ್ಕೆ ಹಾಕಬಹುದಾ?

ನಾಲ್ಕು ಹೊಟ್ಟೆ ಇರುವ ದನಕ್ಕೆ ಗೃಹಪ್ರವೇಶದಲ್ಲಿ ಮಿಕ್ಕ ಅನ್ನ ಯಾವ ಲೆಕ್ಕ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಬದಿಯಡ್ಕದ ಹತ್ತಿರ ನಮ್ಮ ಮನೆ. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ಅನ್ನುವ ಸಣ್ಣ ತಳಿಯ ಒಂದು ದನ ಇತ್ತು. ತಂಗಿಯ ಮದುವೆಯ ಮರುದಿನ ದೊಡ್ಡ ಬಕೆಟ್ ತುಂಬ ಬೆಳ್ತಿಗೆ ಅನ್ನಕ್ಕೆ ಪಾಯಸ ಬೆರೆಸಿ ಇಟ್ಟೆ. ಗಬಗಬ ಮುಗಿಸಿತು. ಸಂಜೆಗೆ ಮೆಲುಕು ನಿಂತಿತು, ಎಡಹೊಟ್ಟೆ ಉಬ್ಬಿತು, ರಾತ್ರಿ ನೀರಿನಂಥ ಸೆಗಣಿ. ಬೆಳಿಗ್ಗೆ ಡಾಕ್ಟ್ರು ಬಂದು ಡ್ರಿಪ್ ಹಾಕಿದರೂ ಉಳಿಯಲಿಲ್ಲ.

ದಿನಾ ಅಕ್ಕಚ್ಚಿನಲ್ಲಿ (ಅಕ್ಕಿ ತೊಳೆದ ನೀರಿನಲ್ಲಿ) ಒಂದು ಹಿಡಿ ಅನ್ನ ಹೋಗುತ್ತಲೇ ಇತ್ತು, ಏನೂ ಆಗಿರಲಿಲ್ಲ. ನಾನು ಕೆಟ್ಟದ್ದೇ ಆ ಧೈರ್ಯದಲ್ಲಿ. ಮೊದಲನೆಯದಾಗಿ, ದನಕ್ಕೆ ನಾಲ್ಕು ಹೊಟ್ಟೆ ಇಲ್ಲ. ಇರುವುದು ನಾಲ್ಕು ಕೋಣೆಯ ಒಂದೇ ಹೊಟ್ಟೆ. ಮೊದಲ ದೊಡ್ಡ ಕೋಣೆಯಲ್ಲಿ ಹುಲ್ಲನ್ನು ಕರಗಿಸುವುದು ದನ ಅಲ್ಲ, ಅಲ್ಲಿರುವ ಸೂಕ್ಷ್ಮಜೀವಿಗಳು. ಅವಕ್ಕೆ ಹುಳಿ ಜಾಸ್ತಿಯಾಗಬಾರದು. ಅದನ್ನು ತಡೆಯುವುದು ಜೊಲ್ಲು, ಅದರಲ್ಲಿ ಸೋಡಾದಂಥ ಕ್ಷಾರ ಇರುತ್ತದೆ. ದೊಡ್ಡ ಜಾತಿಯ ದನ ದಿನಕ್ಕೆ 100 ಲೀಟರಿಗೂ ಮಿಕ್ಕಿ ಜೊಲ್ಲು ಸುರಿಸುತ್ತದೆ. ಆದರೆ ಅಷ್ಟು ಜೊಲ್ಲು ಬರಬೇಕಾದರೆ ಅಗಿಯಬೇಕು. ದನದ ಬಾಯಿ ಬಿಡಿಸಿ ನೋಡಿ: ಮೇಲೆ ಮುಂದಿನ ಹಲ್ಲೇ ಇಲ್ಲ, ಗಟ್ಟಿ ಒಸಡು ಮಾತ್ರ. ಹಿಂದೆ ಏಣುಗಳಿರುವ ಅಗಲ ದವಡೆಹಲ್ಲು. ಅಡ್ಡಡ್ಡ ಅರೆಯುವುದಕ್ಕೇ ಮಾಡಿದ ಬಾಯಿ ಅದು. ಬೈಹುಲ್ಲನ್ನು ಗಂಟೆಗಟ್ಟಲೆ ಅರೆಯಬೇಕು. ಬೆಂದ ಅನ್ನದಲ್ಲಿ ಅರೆಯುವುದಕ್ಕೆ ಏನಿದೆ? ಜೊಲ್ಲು ಬರುವುದಿಲ್ಲ, ಪಿಷ್ಟ ಮಾತ್ರ ಬೇಗ ಹುಳಿಯುತ್ತದೆ. ಹುಳಿಯನ್ನು ತಾಳಿಕೊಳ್ಳುವ ಜೀವಿಗಳು ಹೆಚ್ಚಿ, ಹುಲ್ಲು ಕರಗಿಸುವವು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ಒಂದು ಹಿಡಿಗೆ ಇದಾಗುವುದಿಲ್ಲ, ಬಕೆಟಿಗೆ ಆಗುತ್ತದೆ.

ತಮಾಷೆ ಅಂದರೆ, ಅವತ್ತು ಅದೇ ಅನ್ನ ತಿಂದ ನಮ್ಮ ನಾಯಿ ಆರಾಮಾಗಿತ್ತು. ಬಾಯಲ್ಲಿ ಮಾಂಸ ಕತ್ತರಿಸುವ ಹಲ್ಲು, ಆದರೂ ಮನುಷ್ಯರ ಜೊತೆ ಬದುಕಿ ಬದುಕಿ ತೋಳಕ್ಕಿಂತ ಚೆನ್ನಾಗಿ ಪಿಷ್ಟ ಕರಗಿಸುತ್ತದೆ. ಹಲ್ಲು ನೋಡಿಯೇ ಎಲ್ಲ ಹೇಳೋಕಾಗಲ್ಲ, ಅಲ್ವಾ!

"ಅನ್ನ ಚೆಲ್ಲುವುದು ಪಾಪ" ಅಂತಲೂ ಬರೆದಿದ್ದೀರಿ. ದನದ ಹೊಟ್ಟೆ ಆ ಪಾಪ ಕಳೆಯುವ ಜಾಗ ಅಲ್ಲ. ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹಾಕಿ, ದನದ ಬಾಯಿಗೆ ಸಿಗದ ಹಾಗೆ ಮಣ್ಣು ಮುಚ್ಚಿ. ಈಗಾಗಲೇ ತಿನ್ನಿಸಿಬಿಟ್ಟಿದ್ದರೆ ಈ ಉತ್ತರ ಓದುತ್ತಾ ಕೂರಬೇಡಿ. ಮೆಲುಕು ನಿಲ್ಲುವವರೆಗೂ ಕಾಯದೆ ದನದ ಡಾಕ್ಟ್ರಿಗೆ ಫೋನ್ ಮಾಡಿ, ಎಷ್ಟು ತಿಂದಿದೆ ಅಂತ ಮುಚ್ಚಿಡದೆ ಹೇಳಿ.